ನಾಲ್ಕುನೂರ ಐವತ್ತು ಗ್ರಾಂ

ಯೆರ್ನೇಯ್ ಬಂದಿದ್ದ ಭಾನುವಾರ, ಲ್ಯೂಬ್ಲಿಯಾನಾದಿಂದ,
ಕಾರಿನ ತುಂಬ ಖಾಲಿ ಬಾಟಲಿ, ತಲೆಯ ತುಂಬ ಯೋಜನೆ.
"ಚಿಕ್ಕಮ್ಮಾ, ಜೇನನ್ನು ಈಗ ಯಾರೂ ಕೊಳ್ಳುವುದಿಲ್ಲ,
ಜೇನಿನ ಹಿಂದಿನ ಮಾತನ್ನು ಕೊಳ್ಳುತ್ತಾರೆ.
ವಾರಕ್ಕೊಂದು ಪುಟ ಬರಿ. ಅಚ್ಚು ಹಾಕಿಸಿ
ಒಂದೊಂದು ಬಾಟಲಿಯ ಕೊರಳಿಗೂ ಕಟ್ಟುತ್ತೇನೆ.
ನಾಲ್ಕುನೂರ ಐವತ್ತು ಗ್ರಾಂ ಅದೇ,
ಬಾಟಲಿಗೆ ಎರಡು ಯೂರೋ ಹೆಚ್ಚು."
ಹೋಗುವಾಗ ಮೇಜಿನ ಮೇಲೆ
ಚೌಕುಳಿ ಗೆರೆಯ ನೋಟುಬುಕ್ಕು ಇಟ್ಟುಹೋದ.

ಮೂರು ದಿನ ಅದರ ಮೇಲೆ ಬಿಸಿ ಪಾತ್ರೆ ಇಳಿಸಿದೆ.
ನಾಲ್ಕನೆಯ ದಿನ ಪೆನ್ನು ಹುಡುಕಿ ಬರೆದೆ:
'ಶುದ್ಧ. ಅಪ್ಪಟ. ಆಲ್ಪ್ಸ್ ಮಡಿಲಿನ ಬಂಗಾರ.
ಕೆಮ್ಮಿಗೆ, ನಿದ್ದೆಗೆ, ಮೈಕಾಂತಿಗೆ.'
ಓದಿದರೆ, ಯಾರೋ ಔಷಧಿ ಅಂಗಡಿಯವಳು
ನನ್ನ ಅಡಿಗೆಮನೆಯಲ್ಲಿ ಕೂತು ಮಾತಾಡಿದ ಹಾಗಿತ್ತು.
ಮೂವತ್ತೊಂದು ವರ್ಷ ಜೇನು ತಿಂದರೂ ಬಿಡದ
ನನ್ನ ಕೆಮ್ಮು ಒಳಗೊಳಗೇ ನಕ್ಕಿತು.

ಪುಟ ತಿರುವಿ, ಯಾರಿಗೂ ಅಲ್ಲದ ಹಾಗೆ, ಬರೆದೆ:
'ಮೇ ಹನ್ನೆರಡು. ಸೇಬಿನ ಹೂ ಮುಗಿಯಿತು.
ಐದನೆಯ ಪೆಟ್ಟಿಗೆಯ ರಾಣಿ ಮುನಿಸಿಕೊಂಡಿದ್ದಾಳೆ.
ತುಟಿಗೆ ಕುಟುಕಿಸಿಕೊಂಡು ಬ್ಯಾಂಕಿಗೆ ಹೋದೆ,
ಅಲ್ಲಿಯವಳು ಮೊದಲ ಸಲ ಕೂತುಕೊಳ್ಳಿ ಅಂದಳು.
ಸಾಲ ಮಾತ್ರ ಕೊಡಲಿಲ್ಲ.'
ಕೈ ಓಡಿತು,
ಇಳಿಜಾರಿನಲ್ಲಿ ಬ್ರೇಕು ಬಿಟ್ಟ ಸೈಕಲ್ಲು.

ಓಡುತ್ತ ಓಡುತ್ತ, ಬೇಡ ಅಂದುಕೊಂಡ ಕಡೆಗೇ ತಿರುಗಿತು.
ಲೋಯ್ಜೆ ಹೋದ ಬೆಳಿಗ್ಗೆ.
ಯಜಮಾನ ಸತ್ತರೆ ಜೇನಿಗೆ ಹೇಳಬೇಕು,
ಹೇಳದಿದ್ದರೆ ಅವೂ ಹಿಂದೆಯೇ ಹೊರಟುಬಿಡುತ್ತವೆ,
ನನ್ನ ಅತ್ತೆ ಹೇಳಿಕೊಟ್ಟದ್ದು.
ಪಾದ್ರಿಗೂ ಮುಂಚೆ, ಅವನ ತಂಗಿಗೂ ಮುಂಚೆ
ಹಿಮ ತುಳಿದು ಹೋಗಿ ಹದಿನಾಲ್ಕು ಪೆಟ್ಟಿಗೆಗಳನ್ನೂ
ಬೆರಳ ಗೆಣ್ಣಿನಿಂದ ತಟ್ಟಿದೆ.
ಹದಿಮೂರಕ್ಕೆ ಹೇಳಿದೆ.
ಹದಿನಾಲ್ಕನೆಯದರ ಮುಂದೆ ಬಾಯಿ ಬರಲಿಲ್ಲ.
ಲೋಯ್ಜೆ ಪೇಟೆಗೆ ಹೋಗಿದ್ದಾನೆ, ಅಂದುಬಿಟ್ಟೆ.
ಒಳಗಿಂದ ಗುಂಯ್ ಎಂದು ಒಪ್ಪಿಕೊಂಡವು.

ಮುಂದಿನ ಭಾನುವಾರ ಯೆರ್ನೇಯ್ ನಿಂತುಕೊಂಡೇ ಓದಿದ.
ಔಷಧಿ ಅಂಗಡಿಯನ್ನು ಗಾಳಿಯಂತೆ ದಾಟಿ
ಹದಿನಾಲ್ಕನೆಯ ಪೆಟ್ಟಿಗೆಯಲ್ಲಿ ತಡೆದ.
ಕಣ್ಣು ಒರೆಸಿಕೊಂಡ. ಸುಳ್ಳಲ್ಲ, ಅವನ ಚಿಕ್ಕಪ್ಪನೇ ತಾನೆ.
ಅದೇ ಕಣ್ಣಿನಲ್ಲಿ ಆಮೇಲೆ ಇನ್ನೊಂದು ಹೊಳೆಯಿತು:
"ಇದು. ಇದೇ! ಬಾಟಲಿಗೆ ಐದು ಯೂರೋ ಹೆಚ್ಚು."

ಅವನನ್ನು ಬೈಯಲಾರೆ.
ಜೇನು ಇಳಿಸಿದವರು ಕೈ ನೆಕ್ಕದೆ ಇದ್ದಾರೆಯೆ?
ನಾನೂ ಓದಿಕೊಂಡು, ಚೆನ್ನಾಗಿ ಬಂದಿದೆ, ಅಂದುಕೊಂಡದ್ದು ನಿಜ.
ಮಾಡು ಸೋರುತ್ತಿದೆ, ಅದೂ ನಿಜ.
ಐದರಂತೆ ಇನ್ನೂರು ಬಾಟಲಿ, ಬೆರಳು ತಾನಾಗಿ ಎಣಿಸಿತು.
ಆದರೆ ಯಾರೋ ಗುರುತಿಲ್ಲದವರು
ಬೆಳಿಗ್ಗೆ ಬ್ರೆಡ್ಡಿಗೆ ಸವರುತ್ತ ಸವರುತ್ತ
ನನ್ನ ಹದಿನಾಲ್ಕನೆಯದಕ್ಕೆ ಅಯ್ಯೋ ಪಾಪ ಅಂದರೆ?
ಅದಕ್ಕಿನ್ನೂ ಸುದ್ದಿಯೇ ಗೊತ್ತಿಲ್ಲವಲ್ಲ.
ಲೋಕಕ್ಕೆಲ್ಲ ಹೇಳಿಯಾದ ಮೇಲೆ
ಮನೆಯವರಿಗೆ ಹೇಳುವುದೆ?

ರಾತ್ರಿ ಆ ಪುಟವನ್ನು ಹರಿದು
ನೋಟುಬುಕ್ಕಿನ ಹಿಂದಿನ ತುದಿಗೆ ಅಂಟಿಸಿದೆ,
ಗೋಂದಿರಲಿಲ್ಲ, ಪೆಟ್ಟಿಗೆಯ ಮೇಣ.
ಹಿಂದಿನಿಂದ ನನ್ನದು.
ಮುಂದಿನಿಂದ ಅಂಗಡಿಯದು: ಊದಿದ ತುಟಿ, ಬ್ಯಾಂಕು, ಮುನಿದ ರಾಣಿ,
ಎರಡು ಯೂರೋ ಸಾಕು.
ಹೀಗೆ ಎರಡೂ ಕಡೆಯಿಂದ ಬರೆಯುತ್ತ ಬಂದರೆ
ನಡುವೆ ಯಾವುದೋ ಹಾಳೆಯಲ್ಲಿ ಇಬ್ಬರೂ ಎದುರಾಗುತ್ತೇವೆ,
ಯಾರು ದಾರಿ ಬಿಡುವುದೋ.
ನೋಡೋಣ. ಎಂಬತ್ತು ಹಾಳೆ ಇದೆ.

ಇವತ್ತು ಲಿಂಡನ್ ಬಿರಿದಿದೆ.
ಹದಿನಾಲ್ಕನೆಯದು ಎಲ್ಲಕ್ಕಿಂತ ಮೊದಲು ಹೊರಟಿತು,
ಎಲ್ಲಕ್ಕಿಂತ ತಡವಾಗಿ ಮರಳಿತು.
ಸಂಜೆ ಅದರ ಪಕ್ಕ ಕೂತೆ, ಬೆರಳು ಮಡಿಸಿಕೊಂಡು.
ತಟ್ಟಲಿಲ್ಲ.
ಪೇಟೆಯಲ್ಲಿ ಇನ್ನೂ ಸ್ವಲ್ಪ ಕೆಲಸವಿದೆಯಂತೆ, ಅಂದೆ.